ನೆಲಕ್ಕೆ ಸಮನಾದ ಹೊಸ್ತಿಲು

ಹೋದ ತಿಂಗಳು ಒಂದು ಬೆಳಿಗ್ಗೆ, ಚಳ್ಳಕೆರೆಯ ಬಸ್ ನಿಲ್ದಾಣದ ಪಕ್ಕದಲ್ಲಿ ಚಪ್ಪಲಿ ಹೊಲಿಯುವವನ ಮುಂದೆ ನಿಂತಿದ್ದೆ. ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಅವನು ದಾರಕ್ಕೆ ಮೇಣ ತೀಡುತ್ತಿರುವಾಗ, ಗೋಣಿತಾಟಿನ ಮೇಲೆ ಬಿಸಿಲಿಗೆ ಬಿದ್ದಿದ್ದ ಒಂದು ಜೊತೆ ಹವಾಯಿ ಚಪ್ಪಲಿಗಳ ಮೇಲೆ ನನ್ನ ದೃಷ್ಟಿ ನಿಂತಿತು. ಸವೆದ ಚಪ್ಪಲಿಯಲ್ಲಿ ಹಿಮ್ಮಡಿಯ ತಗ್ಗು ಇರಬೇಕು, ಹೆಬ್ಬೆರಳಿನ ಗುಳಿ ಇರಬೇಕು. ಇವುಗಳಲ್ಲಿ ಅವೆರಡೂ ಇರಲಿಲ್ಲ. ನಡುಭಾಗದಲ್ಲಿ ಅಂಗೈಯ ಅಗಲದ ಒಂದು ತಗ್ಗಿತ್ತು. ಪಟ್ಟಿಗಳನ್ನು ಗಿಡ್ಡಗೆ ಕತ್ತರಿಸಿ, ನಾಲ್ಕು ಬೆರಳು ತೂರುವಷ್ಟೇ ಎಡೆಬಿಟ್ಟು ಹೊಲಿಯಲಾಗಿತ್ತು.

“ಇವು ಯಾರವಪ್ಪ?” ಎಂದೆ.

“ಕೈಗೆ ಹಾಕ್ಕೊಳ್ಳೋರವು ಸ್ವಾಮಿ. ಪರಶುರಾಂಪುರದ ಕಡೆಯೋರು. ಸಂಜೀಕೆ ಬಂದು ಒಯ್ತಾರೆ,” ಎಂದ ಅವನು, ತಲೆಯೆತ್ತದೆ.

ಕಾದ ರಬ್ಬರಿನ ಆ ವಾಸನೆ... ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿ ಪ್ರತಿದಿನ ಬೆಳಗಿನ ಹೊತ್ತು ನನ್ನ ಕಿವಿಗೆ ಬೀಳುತ್ತಿದ್ದ ‘ಟಪ್, ಟಪ್’ ಎಂಬ ಸದ್ದು ಆ ವಾಸನೆಯ ಬೆನ್ನಿಗೇ ಬಂದಿತು. ಅದು ನಮ್ಮ ನೆರೆಮನೆಯ ಕಂಡಿಕೆಯಕ್ಕ ಕೈಗಳ ಮೇಲೆ ನಡೆಯುತ್ತಿದ್ದ ಸದ್ದು.

ತೊಂಬತ್ತರ ದಶಕದ ಆರಂಭದಲ್ಲಿ, ಪ್ರೌಢಶಾಲೆಯ ಕನ್ನಡ ಪಂಡಿತನಾಗಿದ್ದ ನನಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ವರ್ಗವಾಯಿತು. ಸುತ್ತಲೂ ಹೆಬ್ಬಂಡೆಗಳ ಗುಡ್ಡ, ನಡುವೆ ಮಗ್ಗಗಳ ಊರು. ನಾನೂ ನನ್ನ ಮನೆಯವರೂ ಹಿಡಿದ ಬಾಡಿಗೆ ಮನೆಗೆ ಒತ್ತಿಕೊಂಡಂತೆ ಒಬ್ಬ ನೇಕಾರನ ಮನೆ ಇತ್ತು. ಅವನ ಅಕ್ಕನನ್ನೇ ಊರೆಲ್ಲ ಕಂಡಿಕೆಯಕ್ಕ ಎಂದು ಕರೆಯುತ್ತಿದ್ದದ್ದು. ಸೀರೆಗೆ ಅಡ್ಡವಾಗಿ ಹಾಯುವ ನೂಲನ್ನು ಪುಟ್ಟ ಕೊಳವೆಗೆ ಸುತ್ತಿ ಲಾಳಿಯೊಳಗೆ ಇಡುತ್ತಾರೆ. ಹಾಗೆ ಸುತ್ತಿದ ಕೊಳವೆಗೆ ಕಂಡಿಕೆ ಎಂದು ಹೆಸರು. ರಾಟೆಯ ಮುಂದೆ ಕುಳಿತು ಅದನ್ನು ಸುತ್ತುವುದೇ ಆಕೆಯ ವೃತ್ತಿ. ಆಕೆ ಸುತ್ತಿದ ಕಂಡಿಕೆ ಮಗ್ಗದಲ್ಲಿ ಒಮ್ಮೆಯೂ ತೊಡಕುವುದಿಲ್ಲವೆಂದು ನೇಕಾರರು ಸರದಿ ಕಾಯುತ್ತಿದ್ದರು. ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ಆದರೂ ಅವಳನ್ನು ಹೆಸರು ಹಿಡಿದು ಕರೆಯಲು ನನಗೆಂದೂ ಬಾಯಿ ಬರಲಿಲ್ಲ.

ಮೂರನೆಯ ವಯಸ್ಸಿನಲ್ಲಿ ಬಂದ ಜ್ವರವೊಂದು ಆಕೆಯ ಎರಡು ಕಾಲುಗಳ ಶಕ್ತಿಯನ್ನೂ ಒಯ್ದಿತ್ತು. ಕೈಗಳಿಗೆ ಚಪ್ಪಲಿ ತೊಟ್ಟು, ಅಂಗೈ ಊರಿ, ಸೊಂಟವನ್ನು ಎಳೆದುಕೊಂಡು ನಡೆಯುತ್ತಿದ್ದಳು. ಬೆಳಿಗ್ಗೆ ಜಗಲಿಯ ಮೇಲೆ ರಾಟೆಯ ಮುಂದೆ ಕುಳಿತರೆ ಸೂರ್ಯ ಇಳಿಯುವವರೆಗೆ ಏಳುತ್ತಿರಲಿಲ್ಲ. ಊಟದ ತಟ್ಟೆಯೂ ಅಲ್ಲಿಗೇ ಬರುತ್ತಿತ್ತು. ನಾನು ಅದನ್ನು ಒಂದು ಬಗೆಯ ನಿಷ್ಠೆಯೆಂದು ಭಾವಿಸಿದ್ದೆ. ನಿಜವಾದ ಕಾರಣ ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ಆ ಜಗಲಿಯಿಂದ ಬೀದಿಗೆ ಮೂರು ಕಲ್ಲಿನ ಮೆಟ್ಟಿಲು. ಬೀದಿಗೆ ಇಳಿಯಬೇಕಾದಾಗ ತಮ್ಮ ಆಕೆಯನ್ನು ಎತ್ತಿ ಇಳಿಸುತ್ತಿದ್ದ. ಅವನಿಲ್ಲದಿದ್ದರೆ ಮಗ್ಗದಿಂದೆದ್ದು ಬಂದ ಯಾರಾದರೂ. ಬಸ್ಸಿನಲ್ಲಂತೂ ನಿರ್ವಾಹಕ ಕೂಗುತ್ತಿದ್ದ: “ಲೇ, ಯಾರಾದ್ರೂ ಬರ್ರೋ, ಅಕ್ಕನ್ನ ಎತ್ತಿ ಒಳಗೆ ಹಾಕ್ರೋ!” ಯಾರೂ ಇಲ್ಲವೆನ್ನುತ್ತಿರಲಿಲ್ಲ. ಒಳ್ಳೆಯ ಜನ. ಎತ್ತುವಾಗ ಆಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಮ್ಮೆ ನಾನು, “ಆ ಹೊತ್ತಿನಲ್ಲಿ ಯಾವ ದೇವರನ್ನು ಸ್ಮರಿಸುತ್ತೀಯಮ್ಮ?” ಎಂದು ಕೇಳಿದೆ.

“ದೇವರೂ ಇಲ್ಲ, ಏನೂ ಇಲ್ರಿ ಮೇಷ್ಟ್ರೆ,” ಎಂದಳು, ರಾಟೆ ನಿಲ್ಲಿಸದೆ. “ಎತ್ತೋರ ಮುಖ ನೋಡಬಾರ್ದು ಅಂತ. ಕೆಲವರ ಮುಖದಾಗೆ ಪುಣ್ಯ ಬಂತು ಅನ್ನೋ ಖುಷಿ ಇರ್ತೈತೆ. ಕೆಲವರ ಮುಖದಾಗೆ ನನ್ನ ಭಾರ ಇರ್ತೈತೆ. ಎರಡೂ ನನಗೆ ನೋಡಕ್ಕಾಗಲ್ಲ.”

ಮೂವತ್ತು ವರ್ಷ ಪಾಠ ಹೇಳಿದ್ದ ನಾನು, ಶಾಲೆಗೆ ಹೊತ್ತಾಯಿತೆಂದು ಎದ್ದು ಬಂದೆ.

ಆ ಹೊತ್ತಿಗೆ ಊರ ಹೊರಗೆ, ಚಳ್ಳಕೆರೆ ರಸ್ತೆಯ ಅಂಚಿನಲ್ಲಿ, ಮನೆಯಿಲ್ಲದವರಿಗೆ ಸರ್ಕಾರದಿಂದ ಮನೆಗಳು ಮಂಜೂರಾದವು. ಏಳು ಮನೆಗಳ ಒಂದು ಸಾಲಿನಲ್ಲಿ ಕೊನೆಯದು ಕಂಡಿಕೆಯಕ್ಕನ ಹೆಸರಿಗೆ ಬಂದಿತು. ತಮ್ಮನಿಗೆ ಅದು ಸಂತೋಷವೂ ಹೌದು, ಗಾಬರಿಯೂ ಹೌದು.

“ಬಾಡಿಗೆಗೆ ಕೊಡಾಣ ಬಿಡಕ್ಕ. ಅಲ್ಲಿ ನಿನ್ನ ಎತ್ತಿ ಇಳ್ಸೋರು ಯಾರವ್ರೆ?” ಎಂದ.

“ಅದಕ್ಕೇ ಕಣೋ ಹೋಗೋದು,” ಎಂದಳು ಆಕೆ. “ನನ್ನ ಮನೆಗೆ ನನ್ನನ್ನ ಯಾರೂ ಎತ್ತಿ ಇಡಬಾರ್ದು. ಒಳಗೆ ಹೋದ್ರೂ ನಾನೇ ಹೋಗಬೇಕು, ಹೊರಗೆ ಬಂದ್ರೂ ನಾನೇ ಬರಬೇಕು. ಆಗಲ್ಲ ಅಂದ್ರೆ ಆ ಮನೆ ಯಾರಿಗಾದ್ರೂ ಹೋಗ್ಲಿ.”

ಅದು ಹುಡುಗಾಟದ ಮಾತಲ್ಲ. ಆ ವರ್ಷವೇ ವಾಸಕ್ಕೆ ಬಾರದವರ ಮನೆ ಇನ್ನೊಬ್ಬರ ಪಾಲಾಗುವುದೆಂದು ಎಲ್ಲರಿಗೂ ತಿಳಿಸಲಾಗಿತ್ತು. ಗೋಡೆ, ಸೂರು ಮುಗಿದಿದ್ದವು. ಮೆಟ್ಟಿಲು, ಬಾಗಿಲು ಬಾಕಿ ಇದ್ದವು. ಮಳೆನೀರು ನುಗ್ಗಬಾರದೆಂದು ತಳಪಾಯವನ್ನು ಒಂದೂವರೆ ಮೊಳ ಎತ್ತರಿಸಿದ್ದರು.

ಇದೇ ಸಮಯಕ್ಕೆ ಚಳ್ಳಕೆರೆಯಲ್ಲಿ ಕಾಲಿನ ಬಲವಿಲ್ಲದವರಿಗೆ ಮೂರು ಗಾಲಿಯ ಸೈಕಲ್ ಹಂಚುವ ಶಿಬಿರ ಏರ್ಪಾಡಾಯಿತು. ಮೊಳಕಾಲ್ಮೂರಿನಿಂದ ಹೋಗುವವರ ಜೊತೆಗೆ ನನ್ನನ್ನು ಕಳುಹಿಸಿದರು. ಕೈಯಿಂದ ತುಳಿಯುವ ಆ ಗಾಡಿಯಲ್ಲಿ ಕಂಡಿಕೆಯಕ್ಕ ಕುಳಿತು, ಯಾರೂ ನೂಕದೆ, ಜೀವಮಾನದಲ್ಲಿ ಮೊದಲ ಸಲ ಒಂದು ಬೀದಿಯನ್ನು ತಾನಾಗಿ ಹಾದಳು. ನಾನು ಪಕ್ಕದಲ್ಲಿ ಬಿರುಸಾಗಿ ನಡೆಯಬೇಕಾಯಿತು. ಮಾರುಕಟ್ಟೆಯ ಹೆಬ್ಬಾಗಿಲ ಬಳಿ ಗಕ್ಕನೆ ನಿಂತಳು. ಒಳಗೆ ಶೇಂಗಾ ಚೀಲಗಳನ್ನು ಲಾರಿಗೆ ತುಂಬುತ್ತಿದ್ದರು. ಲಾರಿಯ ಹಿಂಭಾಗವನ್ನು ಎತ್ತರದ ಕಟ್ಟೆಗೆ ತಾಗಿಸಿ ನಿಲ್ಲಿಸಿದ್ದರು. ಹಮಾಲರು ಚೀಲಗಳನ್ನು ಎತ್ತುತ್ತಿರಲಿಲ್ಲ. ಕಟ್ಟೆಯ ಮೇಲಿಂದ ಸಮನಾಗಿ ಎಳೆದು ಒಳಕ್ಕೆ ಜಾರಿಸುತ್ತಿದ್ದರು.

ಒಬ್ಬ ಹಮಾಲ ಕೇಳಿದ: “ಏನಕ್ಕಾ, ಶೇಂಗಾ ವ್ಯಾಪಾರಕ್ಕೆ ಬಂದ್ಯಾ?”

“ಇಲ್ಲಪ್ಪ, ನಿಮ್ಮ ಚೀಲ ಹೆಂಗೆ ಹತ್ತತಾವೆ ಅಂತ ನೋಡ್ತಿದೀನಿ,” ಎಂದಳು. ಆಮೇಲೆ ನನ್ನತ್ತ ತಿರುಗಿ ನಕ್ಕಳು: “ನೋಡಿದ್ರಾ ಮೇಷ್ಟ್ರೆ? ಚೀಲ ಎತ್ತಬಾರ್ದು ಅಂತ ಕಟ್ಟೇನೇ ಲಾರಿ ಎತ್ತರಕ್ಕೆ ಕಟ್ಟವ್ರೆ. ಶೇಂಗಾಕ್ಕಿರೋ ಮರ್ಯಾದೆ ನನಗಿಲ್ವಲ್ರೀ!”

ನಾನೂ ನಕ್ಕೆ. ಆ ನಗೆಯೊಳಗೆ ಎಂತಹ ಆಲೋಚನೆ ಮೊಳೆಯುತ್ತಿತ್ತೆಂಬುದು ನನಗೆ ತಿಳಿಯಲಿಲ್ಲ.

ಮರುವಾರದಿಂದ ಪ್ರತಿ ಸಂಜೆ ಆಕೆ ಗಾಡಿಯಲ್ಲಿ ಊರ ಹೊರಗಿನ ಬಂಡೆಗಳತ್ತ ಹೋಗತೊಡಗಿದಳು. ಬೀದಿಯವರು ಹೊಸ ಗಾಡಿಯ ಹುಚ್ಚೆಂದುಕೊಂಡರು. ಒಂದು ದಿನ ನನ್ನನ್ನೂ ಕರೆದಳು. ಅಲ್ಲಿ ನೆಲದಿಂದ ಸಣ್ಣಗೆ ಏರುವ ಹಾಸುಬಂಡೆಗಳು ಹಲವಿದ್ದವು. ಒಂದೊಂದನ್ನೂ ಗಾಡಿಯಲ್ಲಿ ಹತ್ತಿ ನೋಡುತ್ತಿದ್ದಳು. ಕೆಲವು ಕಡಿದು. ಅರ್ಧಕ್ಕೆ ಹೋದ ಗಾಡಿ ಹಿಂದಕ್ಕೆ ಜಾರುತ್ತಿತ್ತು. ಕೆಲವನ್ನು ಏದುಸಿರಿನಿಂದ ಹತ್ತುತ್ತಿದ್ದಳು. ಕೊನೆಗೊಂದು ಬಂಡೆಯನ್ನು, ಮಾತಾಡುತ್ತ ಮಾತಾಡುತ್ತಲೇ ಹತ್ತಿ, ತುದಿಯಲ್ಲಿ ಗಾಡಿ ನಿಲ್ಲಿಸಿ, ಮಡಿಲಿನಿಂದ ರೇಷ್ಮೆಯ ಎಳೆ ತೆಗೆದಳು.

“ಇದರ ತುದಿ ಹಿಡ್ಕೊಂಡು ಬುಡದ ತನಕ ಹೋಗ್ರಿ,” ಎಂದಳು.

ಏರಿನ ಉದ್ದಕ್ಕೆ ಒಂದು ಎಳೆ. ಬುಡದಲ್ಲಿ ಕೋಲು ನಿಲ್ಲಿಸಿ, ಬಂಡೆಯ ನೆತ್ತಿಯ ಮಟ್ಟದಿಂದ ನೆಲಕ್ಕೆ ಇಳಿಬಿಟ್ಟದ್ದು ಇನ್ನೊಂದು ಎಳೆ. ಉದ್ದದ ಎಳೆಯನ್ನು ಗಿಡ್ಡ ಎಳೆಯ ಅಳತೆಗೆ ಮಡಚುತ್ತ ಹೋದಳು. ಹನ್ನೆರಡು ಮಡಿಕೆಯಾಯಿತು. ಇನ್ನೆರಡು ಬಂಡೆಗಳಲ್ಲಿ ಪರೀಕ್ಷಿಸಿದಳು. ಒಂದು ಮೊಳ ಏರಬೇಕಾದರೆ ಹನ್ನೆರಡು ಮೊಳ ಓಟ ಬೇಕು. ಅದು ಆಕೆಯ ತೋಳು ಹೇಳಿದ ಲೆಕ್ಕ. ಎಷ್ಟೋ ವರ್ಷಗಳ ಮೇಲೆ, ಎಂಜಿನಿಯರ್ ಆಗಿದ್ದ ನನ್ನ ಹಳೆಯ ಶಿಷ್ಯನೊಬ್ಬನಿಗೆ ಇದನ್ನು ಹೇಳಿದೆ. ಅವನು ಅವಾಕ್ಕಾದ. ಅವರ ಶಾಸ್ತ್ರದಲ್ಲಿಯೂ ಗಾಲಿಕುರ್ಚಿಯ ಇಳಿಜಾರಿಗೆ ಅದೇ ಪ್ರಮಾಣವಂತೆ! ಕೈಯಲ್ಲಿ ರೇಷ್ಮೆಯ ಎಳೆ ಬಿಟ್ಟು ಬೇರೇನೂ ಇಲ್ಲದ, ಮೂರನೆಯ ತರಗತಿಯನ್ನೂ ಕಾಣದ ಆ ಹೆಣ್ಣುಮಗಳು ಬಂಡೆಗಳನ್ನು ಕೇಳಿ ಅದನ್ನು ತಿಳಿದಿದ್ದಳು. ಈಗಲೂ ನೆನೆದರೆ ನನ್ನ ಕೈ ತಾನಾಗಿ ಮುಗಿಯುತ್ತದೆ...

ಆ ಏಳು ಮನೆಗಳಿಗೂ ಒಬ್ಬನೇ ಮೇಸ್ತ್ರಿ. ಆಂಧ್ರದ ಗಡಿಯ ಕಡೆಯವನು, ವಯಸ್ಸಾದವನು, ಕನ್ನಡದ ನಡುವೆ ತೆಲುಗು ಇಣುಕುತ್ತಿತ್ತು. ಮೆಟ್ಟಿಲ ಬದಲು ಹದಿನೆಂಟು ಮೊಳದ ಇಳಿಜಾರು ಬೇಕೆಂದಾಗ ಅವನು ಹಣೆ ಚಚ್ಚಿಕೊಂಡ.

“ಏಮ್ಮಾ, ಇದೇನು ಮನೆಯಾ, ಗಾಡಿಖಾನೆಯಾ? ಮನೆಗಿಂತ ದಾರಿನೇ ಉದ್ದ ಆಯ್ತಲ್ಲಮ್ಮ!”

“ಗಾಡಿಖಾನೆ ಅಂತಾನೇ ತಿಳ್ಕೋ ತಂದೆ. ಉದ್ದಕ್ಕೆ ಜಾಗ ಇಲ್ದಿದ್ರೆ ಗೋಡೆ ಸುತ್ತಿಸ್ಕೊಂಡು ತಾ. ನಾನೇನು ಓಡಿ ಬರಬೇಕಾಗಿಲ್ಲ.”

ಮೇಸ್ತ್ರಿ ನಕ್ಕು ಸೋತ. ರಸ್ತೆಯಿಂದ ಹೊರಟು, ಪಕ್ಕದ ಗೋಡೆಯುದ್ದಕ್ಕೂ ಹೋಗಿ, ಹಿಂದಿರುಗಿ ಬಾಗಿಲ ಮುಂದಿನ ಕಟ್ಟೆಗೆ ಬಂದು ಸೇರುವ ಇಳಿಜಾರನ್ನು ಕಲ್ಲುಚಪ್ಪಡಿ ಹಾಸಿ ಕಟ್ಟಿದ. ಕೊನೆಯಲ್ಲಿ ಬಾಗಿಲುವಾಡದ ಸರದಿ ಬಂದಿತು. ಬೇವಿನ ಮರದ ಹೊಸ್ತಿಲು ನೆಲದಿಂದ ನಾಲ್ಕು ಬೆರಳು ಮೇಲೆ ಕೂರಬೇಕು. ಕಂಡಿಕೆಯಕ್ಕ ಬೇಡವೆಂದಳು. ಅದನ್ನು ನೆಲದೊಳಗೆ ಇಳಿಸು, ಮೇಲ್ಮೈ ನೆಲಕ್ಕೆ ಸಮನಾಗಿರಲಿ ಎಂದಳು. ಮೇಸ್ತ್ರಿ ಕರಣೆಯನ್ನು ಕೆಳಗಿಟ್ಟುಬಿಟ್ಟ. ಹಾಗೆ ಮಾಡಿದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ, ಆ ಪಾಪ ತನಗೆ ಬೇಡ, ಪಂಡಿತರು ಹೇಳಿದರೆ ನೋಡೋಣ ಎಂದ. ಆ ಸಾಲಿನ ಮನೆಗಳಿಗೆಲ್ಲ ಗೃಹಪ್ರವೇಶದ ಮುಹೂರ್ತ ನೋಡಿ ಪೂಜೆ ಮಾಡಿಸಬೇಕಾಗಿದ್ದವನು ನಾನೇ. ಆದ್ದರಿಂದ ಮೇಸ್ತ್ರಿ, ತಮ್ಮ, ಗಾಡಿಯಲ್ಲಿ ಕಂಡಿಕೆಯಕ್ಕ, ಮೂವರೂ ನನ್ನ ಮನೆಯ ಮುಂದೆ ಬಂದು ನಿಂತರು.

ಈಗ ನಾನು ಬರೆಯಬೇಕಾದದ್ದು ನನಗೆ ಹಿತವಾದದ್ದಲ್ಲ. ನಾನು ಸಂಶಯಪಡಲೇ ಇಲ್ಲ. ಹೊಸ್ತಿಲು ಮನೆಯ ಗಡಿ, ದೇವಿಯ ಪೀಠ, ತುಳಿಯಬಾರದ ಸ್ಥಳ, ಅದಿಲ್ಲದ ಮನೆ ಗೃಹವೆನಿಸುವುದಿಲ್ಲ ಎಂದು ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ ಹೇಳಿದೆ. ಅಂತಹ ಮನೆಗೆ ಮುಹೂರ್ತ ಕೊಡಲಾರೆನೆಂದೆ. ಮಾತು ಕಠಿಣವಾಯಿತೆನ್ನಿಸಿ, ಸಮಾಧಾನಕ್ಕೆಂದು ಒಂದು ಮಾತು ಸೇರಿಸಿದೆ: “ಅಷ್ಟಕ್ಕೂ ಅದೊಂದೇ ಕಡೆ ತಾನೆ, ತಾಯಿ? ಅಕ್ಕಪಕ್ಕದವರು ಯಾರಾದರೂ ಎತ್ತಿ ದಾಟಿಸಿದರಾಯಿತು.”

ಆಕೆ ಗಾಡಿಯನ್ನು ಒಂದು ಗೇಣು ಮುಂದಕ್ಕೆ ತಂದಳು. “ಹೊಸ್ತಿಲು ಬ್ಯಾಡ ಅಂದಿಲ್ರಿ ನಾನು,” ಎಂದಳು. “ಎತ್ತರ ಬ್ಯಾಡ ಅಂದೆ. ನಾಲ್ಕು ಬೆರಳು ಅಂದ್ರೆ ನಿಮಗೆ ಒಂದು ಹೆಜ್ಜೆ. ನನಗೆ ಸೊಂಟ ಎತ್ತಿ ಹಾಕೋ ಕೆಲಸ. ಇವತ್ತು ರಟ್ಟೆ ಐತೆ. ರಟ್ಟೆ ಸೋತ ದಿನ?”

ತಮ್ಮ ಮೆಲ್ಲಗೆ, “ನಡಿಯಕ್ಕ, ಮೇಷ್ಟ್ರು ತಿಳಿದೋರು. ಆ ಮನೆ ಆಸೆ ಬಿಟ್ಬಿಡು,” ಎಂದ. ಆಕೆ ಗಾಡಿ ತಿರುಗಿಸಿಕೊಂಡು ಹೊರಟಳು. ನಾನು ಧರ್ಮವನ್ನು ಉಳಿಸಿದೆನೆಂಬ ತೃಪ್ತಿಯಿಂದ ಒಳಗೆ ಬಂದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಪೂಜೆಗೆ ಬಿಲ್ವಪತ್ರೆ ತರಲು ಹೊರಟೆ. ನೆರೆಮನೆಯ ಬಾಗಿಲು ತೆರೆದಿತ್ತು. ಮನೆಯಲ್ಲಿ ಬೇರೆ ಯಾರೂ ಎದ್ದಿರಲಿಲ್ಲ. ಕಂಡಿಕೆಯಕ್ಕ ಒಳಗಡೆ ಕುಳಿತು ಹೊಸ್ತಿಲನ್ನು ಸಾರಿಸಿ, ಅರಿಶಿನ ಬಳಿದು, ಕುಂಕುಮದ ಬೊಟ್ಟುಗಳಿಡುತ್ತಿದ್ದಳು. ನೆಲಕ್ಕೆ ಎಲ್ಲರಿಗಿಂತ ಹತ್ತಿರ ಇರುವವಳೆಂದು ಆ ಕೆಲಸ ಆಕೆಯ ಪಾಲಿಗೆ ಬಂದಿತ್ತೆಂದು ಆಮೇಲೆ ತಿಳಿಯಿತು. ಮುಗಿದ ಮೇಲೆ ಆಕೆ ಜಗಲಿಗೆ ಬರಬೇಕಿತ್ತು. ಕೈಗಳ ಚಪ್ಪಲಿಗಳನ್ನು ಕಳಚಿ ಆಚೆಗಿಟ್ಟಳು. ಬರಿಯ ಬಲ ಅಂಗೈಯನ್ನು ಹಸಿ ಅರಿಶಿನದ ಮೇಲೆ ಊರಿದಳು. ಅನಂತರ ಎಡ ಅಂಗೈ. ಭುಜಗಳು ನಡುಗಿದವು. ದೇಹದ ಭಾರವೆಲ್ಲ ಮುಂದಕ್ಕೆ ಬಾಗಿ, ಹಣೆ ಹೊಸ್ತಿಲಿಗೆ ತಾಗುವಷ್ಟು ಕೆಳಗಿಳಿಯಿತು. ಹಾಗೆ ಬಾಗದೆ ಆ ದೇಹಕ್ಕೆ ದಾಟುವ ಮಾರ್ಗವೇ ಇರಲಿಲ್ಲ. ಒಂದು ಕ್ಷಣ ಉಸಿರು ಕಟ್ಟಿ, ಸೊಂಟವನ್ನು ಎಳೆದು ಈಚೆಗೆ ಹಾಕಿದಳು. ಮರದ ಅಂಚು ತೊಡೆಗೆ ಉಜ್ಜಿದ ಸದ್ದು ನನಗೆ ಬೀದಿಯವರೆಗೂ ಕೇಳಿಸಿತು.

ಆಮೇಲೆ ಜಗಲಿಯ ತಂಬಿಗೆಯ ನೀರಿನಲ್ಲಿ ಕೈ ತೊಳೆದಳು. ಮತ್ತೆ ಮತ್ತೆ ತೊಳೆದು, ಬೆಳಕಿಗೆ ಹಿಡಿದು ನೋಡಿ, ಪುನಃ ತೊಳೆದಳು. ಅರಿಶಿನದ ಸೋಂಕು ಉಳಿದರೆ ಬಿಳಿಯ ರೇಷ್ಮೆಗೆ ಕಲೆಯಾಗುವುದು! ಆಕೆ ದಿನವೆಲ್ಲ ಜಗಲಿ ಬಿಟ್ಟು ಏಳದಿದ್ದುದು, ಊಟಕ್ಕೂ ಒಳಗೆ ಹೋಗದಿದ್ದುದು ಯಾಕೆಂದು ಆಗ ನನಗೆ ತಿಳಿಯಿತು. ಒಂದೊಂದು ಸಲ ದಾಟಿದರೂ ಇಷ್ಟೆಲ್ಲ ಆಗಬೇಕಿತ್ತು.

ನನ್ನ ಕೈಯಲ್ಲಿ ಪತ್ರೆಯ ಬುಟ್ಟಿ ಹಾಗೆಯೇ ಇತ್ತು. ಐವತ್ತೈದು ವರ್ಷಗಳಲ್ಲಿ ನಾನು ಎಷ್ಟು ಸಾವಿರ ಸಲ ಹೊಸ್ತಿಲು ದಾಟಿದ್ದೆನೋ! ಪ್ರತಿ ಸಲವೂ ಪಾದಗಳು ಅದರ ಮೇಲಿಂದ ಹಾಯ್ದಿದ್ದವು, ಶಿರಸ್ಸು ಮೇಲೆ ಎಲ್ಲಿಯೋ ಇತ್ತು. ತುಳಿಯದಿರುವುದನ್ನೇ ಪೂಜೆಯೆಂದು ತಿಳಿದಿದ್ದೆ. ಆಕೆ ಮಾತ್ರ ಆ ಪೀಠವನ್ನು ಒಂದು ದಿನವೂ ಹಣೆ ಬಾಗಿಸದೆ ದಾಟಿರಲಿಲ್ಲ. ಅಂಥವಳಿಗೆ ನಾನು ಹೊಸ್ತಿಲ ಮರ್ಯಾದೆಯನ್ನು ಬೋಧಿಸಿದ್ದೆ.

ಪೂಜೆ ಮುಗಿಸಿ ಹೊತ್ತಗೆಗಳನ್ನು ತೆಗೆದು ಕುಳಿತೆ. ನನ್ನಲ್ಲಿದ್ದವುಗಳಲ್ಲಿ ಹೊಸ್ತಿಲು ಯಾವ ಮರದ್ದಿರಬೇಕು, ಹೇಗೆ ಪೂಜಿಸಬೇಕು, ಯಾವ ದಿನ ಇಡಬೇಕು ಎಂಬುದೆಲ್ಲ ಇತ್ತು. ಎಷ್ಟು ಎತ್ತರವಿರಬೇಕೆಂಬುದು ಎಲ್ಲಿಯೂ ಸಿಗಲಿಲ್ಲ. ನಾಲ್ಕು ಬೆರಳು ನಮ್ಮ ರೂಢಿಯ ಮಾತು. ಅದನ್ನೇ ನಾನು ಶಾಸ್ತ್ರವೆಂದು ಹೇಳಿ ಕಳುಹಿಸಿದ್ದೆ.

ಆ ದಿನವೇ ಹೊಸ ಮನೆಯ ಬಳಿಗೆ ಹೋದೆ. ಮೇಸ್ತ್ರಿಗೆ, “ಹೊಸ್ತಿಲನ್ನು ನೆಲದೊಳಗೆ ಇಳಿಸು. ಶಾಸ್ತ್ರದಲ್ಲಿ ಅಡ್ಡಿಯಿಲ್ಲ, ನೋಡಿ ಬಂದಿದ್ದೇನೆ,” ಎಂದೆ. ಅಷ್ಟೇ ಹೇಳಿದೆ. ಬೆಳಗಿನ ಜಾವ ಕಂಡದ್ದನ್ನು ಹೇಳಲಿಲ್ಲ, ತಪ್ಪು ನನ್ನದೆಂದೂ ಹೇಳಲಿಲ್ಲ. ಪಂಡಿತನ ಗತ್ತು ಬಿಡಲಿಲ್ಲ. ಸಂಜೆ ತಮ್ಮನ ಮೂಲಕ ಸುದ್ದಿ ಕೇಳಿದ ಕಂಡಿಕೆಯಕ್ಕ ಜಗಲಿಯಿಂದಲೇ ನನಗೆ ಕೈಮುಗಿದಳು. ನಾನು ಆ ನಮಸ್ಕಾರವನ್ನು ಸ್ವೀಕರಿಸಿದೆ...

ಗೃಹಪ್ರವೇಶ ಏಳು ಮನೆಗಳಿಗೂ ಒಂದೇ ದಿನ, ಒಂದರ ಹಿಂದೆ ಒಂದು. ಮೊದಲು ಒಳಗೆ ಹೋಗಬೇಕಾದ ಹಸುವೂ ಎಲ್ಲರಿಗೂ ಸೇರಿ ಒಂದೇ. ಮೊದಲ ಆರು ಮನೆಗಳಲ್ಲಿ ಅದು ಮೆಟ್ಟಿಲ ಮುಂದೆ ಕಾಲೂರಿ ನಿಂತುಬಿಡುತ್ತಿತ್ತು. ಮುಂದಿನಿಂದ ಒಬ್ಬ ಎಳೆದು, ಹಿಂದಿನಿಂದ ಮೂವರು ನೂಕಿ, ಬಾಲ ತಿರುಚಿ ಹತ್ತಿಸಿದ್ದಾಯಿತು. ಏಳನೆಯ ಮನೆಗೆ ಬಂದಾಗ ಹಗ್ಗ ಹಿಡಿದವನು ಬೆವರೊರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹಸು ತಾನಾಗಿ ಇಳಿಜಾರಿನ ಮೇಲೆ ನಡೆದು, ಗೋಡೆಯ ಬಳಿ ತಿರುಗಿ, ಯಾರೂ ಮುಟ್ಟದೆ ಒಳಗೆ ಹೋಗಿಯೇಬಿಟ್ಟಿತು. ನೆರೆದ ಜನ ಹೋ ಎಂದರು.

ಮೇಸ್ತ್ರಿ ಎದೆಯುಬ್ಬಿಸಿ, “ಚೂಶಾರಾ, ನೋಡಿದ್ರಾ? ಯಾರು ಕಟ್ಟಿದ ದಾ‌ರಿ ಅಂದ್ಕೊಂಡ್ರಿ!” ಎಂದ.

“ಕಟ್ಟಿದ್ದು ನೀನೇ ಕಣಪ್ಪ. ಬೈಕೊಂಡು ಕಟ್ಟಿದ್ದು,” ಎಂದಳು ಕಂಡಿಕೆಯಕ್ಕ ಗಾಡಿಯಿಂದ.

ಮನೆಯೊಡತಿ ಬಲಗಾಲಿಟ್ಟು ಒಳಗೆ ಬರಬೇಕಾದ ಹೊತ್ತಾಯಿತು. ‘ಬಲಗಾಲಿಡು’ ಎಂದು ಹೇಳುವುದು ಹೇಗೆಂದು ತಮ್ಮನ ಹೆಂಡತಿ ನನ್ನ ಮುಖ ನೋಡಿದಳು. ಕಂಡಿಕೆಯಕ್ಕ ತನ್ನ ತೋಳಿನ ಬಲದಿಂದಲೇ ಗಾಡಿಯನ್ನು ಬಾಗಿಲವರೆಗೆ ತಂದಳು. ನೆಲಕ್ಕಿಳಿದು ಎರಡೂ ಕೈಗಳ ಚಪ್ಪಲಿ ಕಳಚಿದಳು. ಎದುರಿಗೆ ಅರಿಶಿನ ಕುಂಕುಮದಿಂದ ಕಂಗೊಳಿಸುತ್ತ, ನೆಲಕ್ಕೆ ಸಮನಾಗಿ, ಒಂದು ಪಟ್ಟೆಯಂತೆ ಹೊಸ್ತಿಲು ಮಲಗಿತ್ತು. ಈಗ ಬಾಗುವ ಅವಶ್ಯಕತೆ ಇರಲಿಲ್ಲ. ಸಲೀಸಾಗಿ ಸರಿದು ಹೋಗಬಹುದಿತ್ತು. ಆಕೆ ಹಾಗೆ ಹೋಗಲಿಲ್ಲ. ಅಲ್ಲೇ ತಡೆದು, ಬಗ್ಗಿ, ಬೆರಳುಗಳಿಂದ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅನಂತರ ಬಲ ಅಂಗೈಯನ್ನು ಅದರಾಚೆಗೆ ಇಟ್ಟಳು.

ನಾನು ಹೇಳುತ್ತಿದ್ದ ಮಂತ್ರ ನಿಂತುಹೋಯಿತು. ಮುಂದಿನ ಪದ ನೆನಪಾಗಲಿಲ್ಲ. ಗರ್ಭಗುಡಿಗಳ ಮುಂದೆ ಎಷ್ಟೋ ಬಾರಿ ನಿಂತಿದ್ದೇನೆ. ಅಂತಹ ಪ್ರವೇಶವನ್ನು ಕಂಡಿರಲಿಲ್ಲ.

ಒಳಗೆ ನಡುಮನೆಯಲ್ಲಿ ಕುಳಿತು ಆಕೆ ಬಾಗಿಲತ್ತ ತಿರುಗಿದಳು. ಎಲ್ಲರೂ ಹೊರಗೇ ನಿಂತಿದ್ದೆವು. “ಬರ್ರಿ, ಯಾಕೆ ನಿಂತ್ರಿ?” ಎಂದಳು. “ಈ ಮನೇಗೆ ಯಾರನ್ನೂ ಎತ್ತಿ ಕರ್ಕೊಳ್ಳಂಗಿಲ್ಲ. ನೀವಾಗೇ ಬರಬೇಕು.”

ಅಂದು ನಗದವರಿಲ್ಲ. ತಮ್ಮ ಮಾತ್ರ ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದ.

ಆ ಮನೆಯಲ್ಲಿ ರಾಟೆಗೆ ಸ್ಥಳ ಗೊತ್ತುಮಾಡಿಕೊಂಡ ಮೇಲೆ ಆಕೆ ಬಸ್ಸಿನ ಗೊಡವೆಗೆ ಹೊರಟಳು. ಎದುರಿಗೇ ಚಳ್ಳಕೆರೆಯ ಬಸ್ಸುಗಳು ನಿಲ್ಲುತ್ತಿದ್ದವು. ರೇಷ್ಮೆಯ ಎಳೆಯಿಂದ ಬಸ್ಸಿನ ಮೆಟ್ಟಿಲುಗಳನ್ನು ಅಳೆದು, ಮೇಲಿನ ಮೆಟ್ಟಿಲಿನ ಎತ್ತರಕ್ಕೆ ಅದೇ ಮೇಸ್ತ್ರಿಯಿಂದ ರಸ್ತೆಯಂಚಿನಲ್ಲಿ ಕಲ್ಲಿನ ಕಟ್ಟೆಯನ್ನೂ ಅದಕ್ಕೊಂದು ಇಳಿಜಾರನ್ನೂ ಕಟ್ಟಿಸಿದಳು. ಮೇಸ್ತ್ರಿ ಈ ಸಲ ಬೈಯಲಿಲ್ಲ. ಬೈದವನು ಖಾಸಗಿ ಬಸ್ಸಿನ ಚಾಲಕ.

“ನಾನೇನು ರೈಲು ಓಡಿಸ್ತೀನೇನಕ್ಕ, ಪ್ಲಾಟ್‌ಫಾರಂಗೆ ಹಚ್ಚಿ ನಿಲ್ಸಕ್ಕೆ?”

“ಲಾರಿ ಡ್ರೈವರು ಶೇಂಗಾ ಚೀಲಕ್ಕೆ ಅಂತ ಹಿಂದಕ್ಕೆ ಹಿಂದಕ್ಕೇ ತಂದು ಹಚ್ಚತಾನೆ. ನಿನಗೆ ಮುಂದಕ್ಕೆ ತಂದು ಹಚ್ಚಕ್ಕೂ ಬರಲ್ವೇನಪ್ಪ?”

ಆ ಮಾತು ಅವನಿಗೆ ತಾಗಿತು. ಮರುದಿನ ಕಟ್ಟೆಗೂ ಬಾಗಿಲಿಗೂ ನಡುವೆ ಎರಡು ಬೆರಳು ಎಡೆ ಬಿಟ್ಟು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ಆಮೇಲೆ ಅದು ಚಾಲಕರೊಳಗೆ ಒಂದು ಪಂತವೇ ಆಯಿತು. ಕಂಡಿಕೆಯಕ್ಕನಿಗಾಗಿ ಕಟ್ಟಿದ ಆ ಕಟ್ಟೆಯಿಂದ ಬಸುರಿಯರು ಹತ್ತಿದರು, ಕೋಲೂರುವ ಮುದುಕರು ಹತ್ತಿದರು, ಕಣ್ಣು ಕಾಣದ ಹಳೆಯ ನೇಕಾರನೊಬ್ಬ ಬೆರಳಿಂದ ಅಂಚು ಹುಡುಕಿಕೊಂಡು ಹತ್ತಿದ. ಯಾರನ್ನೂ ಯಾರೂ ಎತ್ತುತ್ತಿರಲಿಲ್ಲ.

ನಿವೃತ್ತನಾಗಿ ನಾನು ಚಳ್ಳಕೆರೆಗೆ ಮರಳಿದೆ. ವರ್ಷಕ್ಕೊಂದೆರಡು ಸಲ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ, ಅಂದು ತಪ್ಪಿದ್ದು ನಾನೆಂದು ಹೇಳಬೇಕೆಂದುಕೊಳ್ಳುತ್ತಿದ್ದೆ. ಆಕೆ ಕಾಫಿ ಕೊಡುತ್ತಿದ್ದಳು, ನಾನು ಕುಡಿದು ಏಳುತ್ತಿದ್ದೆ. ಒಂದು ಮಳೆಗಾಲದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋದಳಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಹೋದ ತಿಂಗಳು ಚಪ್ಪಲಿ ಹೊಲಿಯುವವನ ಮುಂದಿನಿಂದ ಮನೆಗೆ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಮರುವಾರ ಮಗನ ಕಾರಿನಲ್ಲಿ ಮೊಳಕಾಲ್ಮೂರಿಗೆ ಹೋದೆ. ಆ ಮನೆಗೆ ಬೀಗ ಹಾಕಿತ್ತು. ಇಳಿಜಾರಿನ ಮೇಲೆ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಮಗನಿಗೆ ಅಲ್ಲಿಂದ ಬಳ್ಳಾರಿಗೆ ಹೋಗುವ ತುರ್ತು ಇತ್ತು. ನಾನು ಬಸ್ಸಿನಲ್ಲಿ ಹಿಂದಿರುಗುತ್ತೇನೆಂದೆ. ರಸ್ತೆ ಅಗಲಮಾಡುವಾಗ ಕಟ್ಟೆಯನ್ನು ಒಡೆದುಹಾಕಿದ್ದಾರೆಂಬುದು ನನ್ನ ಗಮನಕ್ಕೆ ಬಂದದ್ದು ಬಸ್ಸು ಬಂದು ಎದುರು ನಿಂತಾಗಲೇ.

ನನ್ನ ಮೊಣಕಾಲುಗಳು ಈಗ ನನ್ನ ಮಾತು ಕೇಳುವುದಿಲ್ಲ. ಕಂಬಿ ಹಿಡಿದು ಎರಡು ಸಲ ಪ್ರಯತ್ನಿಸಿದೆ. “ಬಿಡ್ರಿ ಅಜ್ಜಾರೆ, ನಾವಿದೀವಿ,” ಎಂದು ಇಬ್ಬರು ಯುವಕರು ಕಂಕುಳಿಗೆ ಕೈಕೊಟ್ಟು ನನ್ನನ್ನು ಮೇಲಕ್ಕೆತ್ತಿದರು. ಪಾದಗಳು ನೆಲ ಬಿಟ್ಟು ಗಾಳಿಯಲ್ಲಿ ತೂಗಾಡಿದವು. ಪಂಚೆ ಸಡಿಲಿತು, ಒಬ್ಬ ಅದನ್ನೂ ಸರಿಪಡಿಸಿದ. ಒಬ್ಬ ಹೆಣ್ಣುಮಗಳು ಎದ್ದು ಜಾಗ ಕೊಟ್ಟಳು. ಇನ್ನೊಬ್ಬರು ನೀರು ಕೊಟ್ಟರು. ಆ ಬಸ್ಸಿನಲ್ಲಿ ನನ್ನ ಬಗ್ಗೆ ದಯೆಯಿಲ್ಲದ ಜೀವ ಒಂದೂ ಇರಲಿಲ್ಲ. ಆದರೂ ಬಿ.ಜಿ. ಕೆರೆ ಊರು ದಾಟುವವರೆಗೆ ನಾನು ಯಾರತ್ತಲೂ ತಲೆಯೆತ್ತಿ ನೋಡಲಾರದೆ ಕುಳಿತಿದ್ದೆ.

‘ಅದೊಂದೇ ಕಡೆ ತಾನೆ, ತಾಯಿ? ಯಾರಾದರೂ ಎತ್ತಿ ದಾಟಿಸಿದರಾಯಿತು’ ಎಂದಿದ್ದೆ ನಾನು. ಅದು ತಪ್ಪೆಂದು ಹೇಳಲು ಬೇಕಾದ ಮಾತು ಅಂದು ಆ ಬಸ್ಸಿನಲ್ಲಿ, ಒಂದಕ್ಷರವೂ ತೊಡಕದೆ, ನನಗೆ ಒದಗಿ ಬಂದಿತು. ಕೇಳಬೇಕಾದವಳು ಇರಲಿಲ್ಲ.